ಗಿಟಾರ್‌ನಿಂದ ಗಾಂಧಾರ ತೆಗೆದೆವು

ಡಬ್ಲಿನ್‌ನಲ್ಲಿ ನಮ್ಮದೊಂದು ಚಿಕ್ಕ ಬ್ಯಾಂಡ್. ನಾನು ಟಿನ್ ವಿಸಿಲ್ ಎಂಬ ಪುಟ್ಟ ಲೋಹದ ಕೊಳಲು ಊದುತ್ತೇನೆ. ಮೈಸೂರಿನಲ್ಲಿ ಕಲಿತ ಕರ್ನಾಟಕ ಸಂಗೀತದ ಕೊಳಲೇ ನನ್ನ ಬಂಡವಾಳ. ಉಳಿದವರು ಪಂಕ್ ಎಂಬ ಅಬ್ಬರದ ರಾಕ್ ಸಂಗೀತ ಕೇಳಿ ಬೆಳೆದವರು.

ಐರಿಶ್ ಜಾನಪದಕ್ಕೆ ಪಂಕ್ ಸೇರಿಸುವುದು ಹೊಸದೇನಲ್ಲ. 1982ರಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್‌ನಲ್ಲಿ ಹುಟ್ಟಿದ ಪೋಗ್ಸ್ ತಂಡ ದಾರಿ ಮಾಡಿತು. ಆಮೇಲೆ ಅಮೆರಿಕದಲ್ಲಿ ಫ್ಲಾಗಿಂಗ್ ಮಾಲಿ, ಡ್ರಾಪ್‌ಕಿಕ್ ಮರ್ಫೀಸ್ ಬಂದರು. ಅವರ ಹಾಡುಗಳನ್ನೇ ನುಡಿಸುವುದು ಸುಲಭ. ಹಳೇ ಟ್ಯೂನ್ ಒಂದನ್ನು ನಾವೇ ಹೊಂದಿಸಬೇಕು ಅಂದಾಗಲೇ ನಿಜವಾದ ಕೆಲಸ ಶುರು.

ನಾವು ಮೊದಲು ಹಿಡಿದದ್ದು 'ಡ್ರೌಸಿ ಮ್ಯಾಗಿ' ಎಂಬ ರೀಲ್, ಅಂದರೆ ಕುಣಿತದ ಟ್ಯೂನ್. ಯಾರು ಕಟ್ಟಿದ್ದೋ ಗೊತ್ತಿಲ್ಲದ, ಇಲ್ಲಿ ಎಲ್ಲರ ಕೈಯಲ್ಲೂ ಇರುವ ಟ್ಯೂನ್. ಮೊದಲ ಭಾಗ ಇ ಡೋರಿಯನ್ ಎಂಬ ಪಾಶ್ಚಾತ್ಯ ಸ್ವರಶ್ರೇಣಿಯಲ್ಲಿದೆ. ಅಂದರೆ ಇ ಷಡ್ಜವಾದರೆ ಖರಹರಪ್ರಿಯ ರಾಗದ ಸ್ವರಗಳು. (ಗಮಕ ಹುಡುಕಬೇಡಿ, ಸ್ವರ ಮಾತ್ರ.) ಎರಡನೇ ಭಾಗದಲ್ಲಿ ಷಡ್ಜ ಡಿ ಕಡೆಗೆ ಜಾರುತ್ತದೆ. ಅದೇ ಏಳು ಸ್ವರ, ಆದರೆ ಈಗ ಕೇಳಿಸುವುದು ಶಂಕರಾಭರಣ. ನಮ್ಮ ಗ್ರಹಭೇದವೇ, ಅಲ್ವಾ? ಇದು ಹೊಳೆದ ಮೇಲೆ ಗಿಟಾರ್ ಭಾಗ ತಾನಾಗಿಯೇ ಸಿಕ್ಕಿತು. ಮೊದಲ ಭಾಗಕ್ಕೆ ಇ, ಎರಡನೆಯದಕ್ಕೆ ಡಿ. ಅದಕ್ಕಿಂತ ಜಾಸ್ತಿ ಬೇಡವೇ ಬೇಡ.

ಗಿಟಾರಿಸ್ಟ್‌ಗೆ ನಾನು ಒಂದೇ ಒಂದು ಷರತ್ತು ಹಾಕಿದೆ. ಪೂರ್ತಿ ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗುಚ್ಛ) ನುಡಿಸಬಾರದು, ಪವರ್ ಕಾರ್ಡ್ ಮಾತ್ರ. ಪವರ್ ಕಾರ್ಡ್ ಎಂದರೆ ಸ ಮತ್ತು ಪ, ನಡುವೆ ಗಾಂಧಾರ ಇಲ್ಲ. ತಂಬೂರಿಯಲ್ಲಿ ಮೀಟುವ ಸ್ವರಗಳೇ ಇವು. ಸದ್ದನ್ನು ಒರಟಾಗಿಸುವ ಡಿಸ್ಟಾರ್ಷನ್ ಹಾಕಿದ ಗಿಟಾರ್‌ನಲ್ಲಿ ಗಾಂಧಾರ ಸೇರಿದರೆ ಸದ್ದು ಕಲಸುಮೇಲೋಗರವಾಗುತ್ತದೆ. ಪಂಕ್‌ನವರು ಅದಕ್ಕೇ ಅದನ್ನು ಬಿಟ್ಟದ್ದು. ಐರಿಶ್ ಟ್ಯೂನ್‌ಗೆ ಇನ್ನೊಂದು ಕಾರಣವೂ ಇದೆ. ಎಷ್ಟೋ ಟ್ಯೂನ್‌ಗಳಲ್ಲಿ ಸಿ ಕೂಡ ಬರುತ್ತದೆ, ಸಿ ಶಾರ್ಪ್ ಕೂಡ ಬರುತ್ತದೆ. ಗಿಟಾರ್ ಎ ಮೇಜರ್ ಹಿಡಿದರೆ ಅದರೊಳಗೆ ಗಾಂಧಾರವಾಗಿ ಸಿ ಶಾರ್ಪ್ ಕೂತಿರುತ್ತದೆ. ಆಗ ನಾನು ಸಿ ಊದಿದರೆ ಕಿವಿಗೆ ಹಿಂಸೆ. ಗಾಂಧಾರವನ್ನು ಟ್ಯೂನ್ ನುಡಿಸುವವರಿಗೆ ಬಿಟ್ಟುಕೊಟ್ಟರೆ ಈ ಜಗಳವೇ ಇಲ್ಲ.

ತಾಳದ ವಿಷಯದಲ್ಲಿ ಅರ್ಧ ಕೆಲಸ ಮೊದಲೇ ಆಗಿತ್ತು. ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್, ಕೋಲಲ್ಲಿ ಹೊಡೆಯುವ ಸ್ನೇರ್ ಡ್ರಮ್, ಮತ್ತೆ ಕಿಕ್, ಸ್ನೇರ್ ಎಂದು ಓಡುವ ಪಂಕ್ ಬೀಟ್‌ಗೂ ಎರಡೆಣಿಕೆಯ ಪೋಲ್ಕಾ ಕುಣಿತಕ್ಕೂ ಹೆಚ್ಚು ಅಂತರವಿಲ್ಲ. ಕಾರ್ಕ್ ಮತ್ತು ಕೆರ್ರಿ ಗಡಿಯ ಸ್ಲೀವ್ ಲುಆಖ್ರಾ ಪ್ರದೇಶದ ಪೋಲ್ಕಾಗಳನ್ನು ನಮ್ಮ ಡ್ರಮ್ಮರ್ ಒಂದು ಸಲ ಕೇಳಿಯೇ ಹಿಡಿದ. ಜಿಗ್ ಎಂಬ ಇನ್ನೊಂದು ಬಗೆಯ ಕುಣಿತದ ಟ್ಯೂನ್ ಮಾತ್ರ ಕಾಡಿತು. ಜಿಗ್ 6/8, ಒಂದು ಬಾರ್‌ಗೆ (ಆವರ್ತಕ್ಕೆ) ಎರಡು ತಕಿಟ. ವೇಗ ಏರಿದಂತೆ ಅವನು ಅದನ್ನು ನೇರ ನಾಲ್ಕಕ್ಕೆ ಎಳೆಯುತ್ತಿದ್ದ. ಬಾಯಲ್ಲಿ ತಕಿಟ ಹೇಳಿಸಿದೆ. ಹೈಹ್ಯಾಟ್ ಎಂಬ ಜೋಡಿ ತಟ್ಟೆಗಳಲ್ಲಿ 'ಕಿ' ಬಿಟ್ಟು 'ತ' ಮತ್ತು 'ಟ' ಮಾತ್ರ ಹೊಡೆ ಅಂದೆ. ಕಿಕ್ ಮೊದಲ ತಕಿಟಕ್ಕೆ, ಸ್ನೇರ್ ಎರಡನೆಯದಕ್ಕೆ. ಆಗ ಕುಣಿತ ಬಂತು.

ವೇಗವೇ ಪಂಕ್ ಅಂದುಕೊಂಡವರು ತುಂಬ ಜನ. ನಾನು ಒಪ್ಪುವುದಿಲ್ಲ. ರೋಲ್ ಎಂಬ ಅಲಂಕಾರದಲ್ಲಿ ಒಂದೇ ಸ್ವರವನ್ನು ಮೇಲಿಂದ ಒಮ್ಮೆ, ಕೆಳಗಿಂದ ಒಮ್ಮೆ ಬೆರಳು ತಾಕಿಸಿ ಒಡೆಯಬೇಕು. ಅದಕ್ಕೆ ಜಾಗ ಬೇಕು. ರೋಲ್ ಕೇಳಿಸುವಷ್ಟೇ ವೇಗ, ಅದೇ ನಮ್ಮ ಮಿತಿ. ಹಸಿರು ಟೋಪಿ ಹಾಕಿಕೊಂಡು ಬರೀ ಕುಡಿತದ ಹಾಡು ಕಿರುಚುವ ತಂಡಗಳು ಬೇರೆ ಇವೆ, ಅವರ ಪಾಡು ಅವರಿಗೆ.

ಇನ್ನು ಸದ್ದು. ವಿಸಿಲ್‌ನ ಕೆಳ ಸ್ಥಾಯಿ ಗಿಟಾರ್‌ನಡಿ ಮುಳುಗಿಹೋಗುತ್ತದೆ. ಹಾಗಾಗಿ ಗಿಟಾರ್ ಆಂಪ್‌ನಲ್ಲಿ ಮಿಡ್ (ನಡು ಶ್ರುತಿಯ ಸದ್ದು) ಇಳಿಸಿದೆವು. ಮೈಕನ್ನು ವಿಸಿಲ್‌ನ ತುದಿಗಲ್ಲ, ಬಾಯಿ ಹತ್ತಿರದ ಕಿಂಡಿಗೆ ಹಿಡಿದೆವು, ಸದ್ದು ಹೆಚ್ಚಾಗಿ ಹೊರಡುವುದು ಅಲ್ಲಿಂದಲೇ. ಅದಕ್ಕಿಂತ ಹೆಚ್ಚು ನೆರವಾದದ್ದು ಟೆನರ್ ಬ್ಯಾಂಜೊ ಎಂಬ ತಂತಿವಾದ್ಯ. ಡಬ್ಲಿನರ್ಸ್ ಎಂಬ ಐರಿಶ್ ಜಾನಪದ ತಂಡದ ಬಾರ್ನಿ ಮೆಕೆನ್ನಾ ಜನಪ್ರಿಯಗೊಳಿಸಿದ ಶ್ರುತಿಯಲ್ಲಿ ಅದು ಪಿಟೀಲಿಗಿಂತ ಒಂದು ಸ್ಥಾಯಿ ಕೆಳಗೆ ನುಡಿಯುತ್ತದೆ. ನಾನು ಊದಿದ ಟ್ಯೂನನ್ನೇ ಬ್ಯಾಂಜೊ ಮೀಟಿದರೆ, ಆ ಮೀಟಿನ ಪೆಟ್ಟು ಎಂಥ ಗದ್ದಲವನ್ನೂ ಸೀಳಿಕೊಂಡು ಬರುತ್ತದೆ.

ಟ್ಯೂನ್ ಕಲಿಯಲು ನಾನು ಈಗಲೂ ಸ್ಮಿತ್‌ಫೀಲ್ಡ್‌ನ ಕಾಬಲ್‌ಸ್ಟೋನ್ ಪಬ್ಬಿನಲ್ಲಿ ಎಲ್ಲರೂ ಕೂಡಿ ಟ್ಯೂನ್ ನುಡಿಸುವ ಸೆಷನ್‌ಗೆ ಹೋಗುತ್ತೇನೆ. ಗೊತ್ತಿಲ್ಲದ ಟ್ಯೂನ್ ಬಂದರೆ ವಿಸಿಲ್ ಮಡಿಲಲ್ಲಿಟ್ಟು ಕೇಳುತ್ತೇನೆ. ಈಚೆಗೆ ಅಲ್ಲಿಂದ ಒಂದು ಸ್ಲಿಪ್ ಜಿಗ್ ತಂದಿದ್ದೇನೆ. 9/8, ಬಾರ್‌ಗೆ ಮೂರು ತಕಿಟ. ಸ್ನೇರ್ ಎರಡನೆಯದಕ್ಕೆ ಬೀಳಬೇಕು ಎಂದು ಡ್ರಮ್ಮರ್, ಮೂರನೆಯದಕ್ಕೆ ಎಂದು ನಾನು. ಸದ್ಯಕ್ಕೆ ಇಬ್ಬರೂ ಬಗ್ಗಿಲ್ಲ.