ಕೆಂಪಡಿಕೆ ಅಂದ್ರೆ ಯಾವುದು? ಏಜೆಂಟಿಗೆ ಟೂಲ್ ವಿವರಣೆ ಬರೆದ ಅನುಭವ

ಕಳೆದ ವರ್ಷ ಒಂದು ಎಐ ಏಜೆಂಟ್ ಮಾಡಿದೆ. ಅಡಿಕೆ ಬೆಳೆಗಾರರು ವಾಟ್ಸಾಪಿನಲ್ಲಿ ಕೇಳಿದರೆ ಅವತ್ತಿನ ಮಾರುಕಟ್ಟೆ ದರ ಹೇಳಬೇಕು, ಅಷ್ಟೇ ಅದರ ಕೆಲಸ. ಮೊದಲು ನೆಂಟರಿಗೆ, ಊರಿನ ನಾಲ್ಕಾರು ಜನರಿಗೆ ಮಾತ್ರ ಕೊಟ್ಟಿದ್ದೆ. ಕೋಡ್ ಬರೆಯಲು ಎರಡು ವಾರ ಹಿಡಿಯಿತು. ಟೂಲ್‌ಗಳ ವಿವರಣೆ ಸರಿಯಾಗಲು ಎರಡು ತಿಂಗಳು ಬೇಕಾಯಿತು. ಟೂಲ್ ಅಂದರೆ ಮಾಹಿತಿ ಬೇಕಾದಾಗ ಏಜೆಂಟ್ ಕರೆಯುವ ಒಂದು ಚಿಕ್ಕ ಪ್ರೋಗ್ರಾಂ.

ಮೊದಲ ಟೂಲಿನ ಹೆಸರು ‘ಗೆಟ್‌ಡೇಟಾ’. ವಿವರಣೆ: ‘ದರ ತಂದುಕೊಡುತ್ತದೆ.’ ಒಳಗೆ ಏನಿದೆ ಅಂತ ನನಗೆ ಗೊತ್ತಿತ್ತು, ಹಾಗಾಗಿ ಇಷ್ಟು ಸಾಕು ಅನ್ನಿಸಿತ್ತು. ಆದರೆ ಏಜೆಂಟಿನ ಒಳಗಿರುವ ಎಐ ಮಾಡೆಲ್‌ಗೆ ನನ್ನ ಕೋಡ್ ಕಾಣುವುದಿಲ್ಲ. ಟೂಲಿನ ಹೆಸರು, ವಿವರಣೆ, ಏನೇನು ಮಾಹಿತಿ ಕೊಡಬೇಕು ಅನ್ನುವ ಸ್ಕೀಮಾ, ಇಷ್ಟನ್ನೇ ನೋಡಿ ಅದು ತೀರ್ಮಾನ ಮಾಡಬೇಕು. 2024ರ ನವೆಂಬರಿನಲ್ಲಿ ಆಂತ್ರೋಪಿಕ್ ಎಂಬ ಎಐ ಕಂಪನಿ ಹೊರತಂದ ಎಂಸಿಪಿಯ (ಟೂಲ್‌ಗಳನ್ನು ಎಐಗೆ ಜೋಡಿಸುವ ಒಂದು ಸಾಮಾನ್ಯ ಪದ್ಧತಿ) ಮೂಲಕ ಟೂಲ್ ಕೊಟ್ಟರೂ ಇದು ಬದಲಾಗುವುದಿಲ್ಲ. ಜೋಡಿಸುವ ದಾರಿ ಸಲೀಸಾಗುತ್ತದೆ, ವಿವರಣೆ ನಾವೇ ಬರೆಯಬೇಕು.

ಮೊದಲು ಎಡವಿದ್ದು ಅಳತೆಯಲ್ಲಿ. ಮಲೆನಾಡಿನ ಕಡೆ ಅಡಿಕೆ ದರ ಕ್ವಿಂಟಾಲ್ ಲೆಕ್ಕದಲ್ಲಿ ಹೇಳುತ್ತಾರೆ, ದಕ್ಷಿಣ ಕನ್ನಡದಲ್ಲಿ ಕಿಲೋ ಲೆಕ್ಕ. ನನ್ನ ಟೂಲ್ ಬರೀ ಅಂಕಿ ಕೊಡುತ್ತಿತ್ತು. ಶಿವಮೊಗ್ಗಕ್ಕೆ 48000, ಪುತ್ತೂರಿಗೆ 460. ಎಲ್ಲಿ ಮಾರಿದರೆ ಒಳ್ಳೆಯದು ಅಂತ ಒಬ್ಬರು ಕೇಳಿದರು. ಶಿವಮೊಗ್ಗದಲ್ಲಿ ನೂರು ಪಟ್ಟು ಜಾಸ್ತಿ ಸಿಗುತ್ತದೆ ಎಂದಿತು ಏಜೆಂಟ್. ಅದರ ತಪ್ಪೇನಿದೆ? ಅಳತೆ ಏನು ಅಂತ ನಾನು ಎಲ್ಲೂ ಬರೆದೇ ಇರಲಿಲ್ಲ. ಈಗ ಎಲ್ಲವನ್ನೂ ಕೋಡಿನಲ್ಲೇ ಕ್ವಿಂಟಾಲಿಗೆ ತಂದು, ಆ ಅಂಕಿಯ ಹೆಸರನ್ನೇ ‘ರುಪೀಸ್ ಪರ್ ಕ್ವಿಂಟಾಲ್’ ಎಂದು ಇಟ್ಟಿದ್ದೇನೆ.

ಭಾನುವಾರದ್ದು ಇನ್ನೊಂದು ಕತೆ. ವ್ಯಾಪಾರ ಇಲ್ಲದ ದಿನ ಟೂಲ್ ಸೊನ್ನೆ ಕೊಡುತ್ತಿತ್ತು. ‘ಚಾಲಿ (ಬಿಳಿ ಅಡಿಕೆ) ದರ ಸೊನ್ನೆ ರೂಪಾಯಿ’ ಎಂಬ ಉತ್ತರ ನೋಡಿ ಒಬ್ಬರು ಗಾಬರಿಯಾಗಿ ಫೋನ್ ಮಾಡಿದರು. ಈಗ ವಿವರಣೆಯಲ್ಲಿ ಹೀಗಿದೆ: ‘ಕೇಳಿದ ದಿನ ವ್ಯಾಪಾರ ಇಲ್ಲದಿದ್ದರೆ ಹಿಂದಿನ ವ್ಯಾಪಾರದ ದಿನದ ದರ ಮತ್ತು ತಾರೀಕು ಬರುತ್ತದೆ. ಉತ್ತರದಲ್ಲಿ ಆ ತಾರೀಕು ಹೇಳಲೇಬೇಕು.’

ಇಷ್ಟೆಲ್ಲ ಮಾಡಿದ ಮೇಲೆ ವಿವರಣೆಗಳನ್ನು ಪ್ರಿಂಟ್ ತೆಗೆದು ಊರಿಗೆ ಒಯ್ದೆ. ಮಾವ ನಲವತ್ತು ವರ್ಷದಿಂದ ಅಡಿಕೆ ಮಾರುತ್ತಿದ್ದಾರೆ. ಕಂಪ್ಯೂಟರ್ ಗೊತ್ತಿಲ್ಲ. ಜಗಲಿಯಲ್ಲಿ ಕೂತು ನಿಧಾನವಾಗಿ ಓದಿದರು.

“ಕೆಂಪಡಿಕೆ ಎಷ್ಟು ಅಂತ ಕೇಳಿದ್ರೆ ಇದು ಏನು ಹೇಳ್ತದೆ?”

“ರಾಶಿ ದರ ಹೇಳುತ್ತೆ ಮಾವ.”

“ರಾಶಿ ಒಂದೇ ಕೆಂಪಡಿಕೆಯಾ ಮಾರಾಯ? ಬೆಟ್ಟೆ, ಸರಕು, ಗೊರಬಲು ಎಲ್ಲ ಎಲ್ಲಿಗೆ ಹೋಯ್ತು? ಸರಕಿನ ರೇಟು ಗೊರಬಲಿಗೆ ಬರ್ತದಾ?”

ಬೆಂಗಳೂರಿನಲ್ಲಿ ಕೂತು ಇದು ನನಗೆ ಹೊಳೆದಿರಲಿಲ್ಲ. ಮಾರುಕಟ್ಟೆಯ ಪಟ್ಟಿಯಲ್ಲಿ ‘ಕೆಂಪಡಿಕೆ’ ಎಂಬ ಸಾಲೇ ಇಲ್ಲ, ಜನ ಕೇಳುವುದು ಮಾತ್ರ ಅದೇ ಹೆಸರಿನಲ್ಲಿ. ಆ ಕಂದಕವನ್ನು ಮಾಡೆಲ್ ತನಗೆ ತೋಚಿದ ಹಾಗೆ ತುಂಬುತ್ತಿತ್ತು. ಅಲ್ಲೇ ಪೆನ್ನು ತಗೊಂಡು ಮಾವ ಹೇಳಿದ್ದನ್ನು ಬರೆದೆ: ‘ಕೆಂಪಡಿಕೆ ಎಂಬುದು ಬೇಯಿಸಿ ಒಣಗಿಸಿದ ಅಡಿಕೆಗೆ ಒಟ್ಟು ಹೆಸರು. ರಾಶಿ, ಬೆಟ್ಟೆ, ಸರಕು, ಗೊರಬಲು ಇದರಲ್ಲಿ ಬರುತ್ತವೆ. ಯಾವುದು ಎಂದು ಕೇಳು. ಬಿಳಿ ಅಡಿಕೆ ಎಂದರೆ ಚಾಲಿ ಎಂದು ತಿಳಿ.’ ನನ್ನ ಉಳಿದ ವಿವರಣೆ ಇಂಗ್ಲಿಷಿನಲ್ಲಿದ್ದರೂ ಈ ಹೆಸರುಗಳನ್ನು ಕನ್ನಡದಲ್ಲೇ ಬಿಟ್ಟಿದ್ದೇನೆ, ಜನ ಟೈಪ್ ಮಾಡುವುದು ಹಾಗೇ ತಾನೆ.

ಆದರೆ ‘ಯಾವುದು ಎಂದು ಕೇಳು’ ಅಂದದ್ದು ಅತಿಯಾಯಿತು. ‘ಶಿರಸಿ ರಾಶಿ ಎಷ್ಟು’ ಅಂತ ಸ್ಪಷ್ಟವಾಗಿ ಕೇಳಿದವರಿಗೂ ಯಾವ ಅಡಿಕೆ ಅಂತ ಮತ್ತೆ ಕೇಳತೊಡಗಿತು. ‘ಹೇಳಿರದಿದ್ದರೆ ಮಾತ್ರ’ ಎಂದು ಎರಡು ಪದ ಸೇರಿಸಿದ ಮೇಲೆ ಸರಿಹೋಯಿತು. ಅಂದಿನಿಂದ ಜನ ನಿಜವಾಗಿ ಕೇಳಿದ 40 ಪ್ರಶ್ನೆಗಳನ್ನು ಒಂದು ಶೀಟಿನಲ್ಲಿ ಇಟ್ಟುಕೊಂಡಿದ್ದೇನೆ. ಒಂದು ಪದ ಬದಲಾಯಿಸಿದರೂ ಎಲ್ಲವನ್ನೂ ಮತ್ತೆ ಓಡಿಸಿ ನೋಡುತ್ತೇನೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿ ನನಗೆ ಕಂಡಿಲ್ಲ.

ಟೂಲ್‌ಗಳನ್ನೂ ಕಡಿಮೆ ಮಾಡಿದೆ. ಇವತ್ತಿನ ದರ, ನಿನ್ನೆಯ ದರ, ವಾರದ ದರ ಅಂತ ಮೂರಿದ್ದವು. ಯಾವುದನ್ನು ಕರೆಯಬೇಕು ಅಂತ ಮಾಡೆಲ್ ಗೊಂದಲ ಮಾಡಿಕೊಳ್ಳುತ್ತಿತ್ತು. ಈಗ ಒಂದೇ, ಶುರುವಿನ ತಾರೀಕು ಮತ್ತು ಕೊನೆಯ ತಾರೀಕು ಕೊಟ್ಟರಾಯಿತು.

ಎರರ್ ಮೆಸೇಜನ್ನೂ ಮಾಡೆಲ್ ಓದುತ್ತದೆ ಅನ್ನುವುದು ತಡವಾಗಿ ತಲೆಗೆ ಹೋಯಿತು. ಸುಮ್ನೆ ‘ತಪ್ಪು ಇನ್‌ಪುಟ್’ ಅಂದರೆ ಅದೇ ತಪ್ಪನ್ನು ಮೂರು ಸಲ ಮಾಡುತ್ತದೆ. ‘“ಸಿರ್ಸಿ” ಸಿಗಲಿಲ್ಲ, ಪಟ್ಟಿಯಲ್ಲಿರುವುದು: ಶಿರಸಿ, ಸಾಗರ, ಶಿವಮೊಗ್ಗ, ಪುತ್ತೂರು’ ಅಂದರೆ ಮುಂದಿನ ಸಲವೇ ತಿದ್ದಿಕೊಳ್ಳುತ್ತದೆ.

ಪುತ್ತೂರಿನ ಹೊಸ ಅಡಿಕೆ, ಸಿಂಗಲ್ ಚೋಲ್, ಡಬಲ್ ಚೋಲ್ ಎಂಬ ದರ್ಜೆಗಳು ಇನ್ನೂ ಬಾಕಿ ಇವೆ. ಹೊಸ ಅಡಿಕೆ ಯಾವ ತಿಂಗಳಿಂದ ಹಳೆಯದಾಗುತ್ತದೆ ಅಂತ ಅಲ್ಲಿನ ವ್ಯಾಪಾರಿಗಳನ್ನೇ ಕೇಳಬೇಕು. ಮುಂದಿನ ವಾರ ಮಾವನ ಜೊತೆ ಹೋಗುತ್ತಿದ್ದೇನೆ. ಅಲ್ಲಿಯವರೆಗೆ ಆ ದರ್ಜೆಗಳನ್ನು ಟೂಲಿಗೆ ಸೇರಿಸುವುದಿಲ್ಲ.