ಗುಂಡಿ ಒತ್ತಿದ ಕ್ಷಣ ಕತ್ತಿ ಬೀಸಬೇಕು: ಗೇಮ್ ಆರ್ಟ್, ಅನಿಮೇಶನ್ ಓದುವವರಿಗೆ

ಬೆಂಗಳೂರಿನ ಗೇಮ್ ಸ್ಟುಡಿಯೊವೊಂದರಲ್ಲಿ ನಾನು ಅನಿಮೇಟರ್. ಕೆಲಸ ಕೇಳಿ ಹೊಸಬರು ಕಳುಹಿಸುವ ಪೋರ್ಟ್‌ಫೋಲಿಯೊಗಳನ್ನು, ಅಂದರೆ ಅವರ ಕೆಲಸದ ಮಾದರಿಗಳನ್ನು, ಮೊದಲು ನೋಡುವವಳು ನಾನೇ. ಹೆಚ್ಚಿನವುಗಳಲ್ಲಿ ಚಿತ್ರ ಸೊಗಸಾಗಿರುತ್ತದೆ, ಚಲನೆಯೂ ನಯವಾಗಿರುತ್ತದೆ. ಆದರೆ ಅದೆಲ್ಲ ಕುಳಿತು ನೋಡುವವರಿಗಾಗಿ ಮಾಡಿದ್ದು, ಆಡುವವರಿಗಾಗಿ ಅಲ್ಲ. ಕಾಲೇಜಿನಲ್ಲಿ ಇರುವಾಗಲೇ ಈ ವ್ಯತ್ಯಾಸವನ್ನು ಕೈಗೆ ಹತ್ತಿಸಿಕೊಳ್ಳಿ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಕಾಲೇಜಿನ ವಿಚಾರ. ಪಿಯುಸಿಯಲ್ಲಿ ವಿಜ್ಞಾನ, ವಾಣಿಜ್ಯ, ಕಲೆ ಯಾವುದನ್ನು ಓದಿದ್ದರೂ ಐಐಟಿ ಬಾಂಬೆ ನಡೆಸುವ ಯುಸೀಡ್ ಪ್ರವೇಶ ಪರೀಕ್ಷೆ ಬರೆದು ಬಿ.ಡಿಸೈನ್‌ಗೆ (ವಿನ್ಯಾಸದ ಪದವಿಗೆ) ಸೇರಬಹುದು. ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ) ಡ್ಯಾಟ್ ಎಂಬ ಪ್ರವೇಶ ಪರೀಕ್ಷೆ ಇದೆ. ಪದವಿಯ ನಂತರ ಗೇಮ್‌ಗಳನ್ನೇ ಓದಬೇಕೆನ್ನುವವರಿಗೆ ಎನ್‌ಐಡಿಯ ಬೆಂಗಳೂರು ಕೇಂದ್ರದಲ್ಲಿ ಡಿಜಿಟಲ್ ಗೇಮ್ ಡಿಸೈನ್‌ನಲ್ಲಿ ಎಂ.ಡಿಸೈನ್ ಇದೆ. ಚಿತ್ರಕಲೆಯ ಅಡಿಪಾಯ ಗಟ್ಟಿಯಾಗಬೇಕಿದ್ದರೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಲಾ ಕಾಲೇಜು ಕಾವಾ ಕೂಡ ಒಳ್ಳೆಯ ದಾರಿಗಳೇ.

ಖಾಸಗಿ ಸಂಸ್ಥೆಗೆ ಸೇರುವವರು ಅಲ್ಲಿನ ಹೊಳಪಿನ ಕರಪತ್ರವನ್ನು ಬದಿಗಿಟ್ಟು, ಕಳೆದ ವರ್ಷದ ಕೊನೆಯ ಸೆಮಿಸ್ಟರಿನ ವಿದ್ಯಾರ್ಥಿಗಳ ಕೆಲಸ ತೋರಿಸಿ ಎಂದು ಕೇಳಿ. ಒಬ್ಬಿಬ್ಬರದಲ್ಲ, ಇಡೀ ತರಗತಿಯದು. ತೋರಿಸಲು ಹಿಂಜರಿದರೆ ಎದ್ದು ಬನ್ನಿ. ಮನುಷ್ಯರನ್ನು ಎದುರಿಗೆ ನಿಲ್ಲಿಸಿ ಚಿತ್ರ ಬರೆಸುವ ತರಗತಿ ಇದೆಯೇ, ಪ್ರೋಗ್ರಾಮಿಂಗ್ ಓದುವವರು ಅದೇ ಆವರಣದಲ್ಲಿ ಸಿಗುತ್ತಾರೆಯೇ ಎಂಬುದನ್ನೂ ವಿಚಾರಿಸಿ. ಮೂರು ವರ್ಷದ ಶುಲ್ಕವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವ ಕಡೆ ಅಪ್ಪ ಅಮ್ಮನಿಂದ ಸಾಲ ಮಾಡಿಸಬೇಡಿ.

ಮೊದಲ ವರ್ಷ ಸಾಫ್ಟ್‌ವೇರ್‌ಗಳನ್ನು ಗುಡ್ಡೆ ಹಾಕಿಕೊಳ್ಳುವ ಗೋಜಿಗೆ ಹೋಗಬೇಡಿ. 3ಡಿ ಮಾಡೆಲ್, ಅನಿಮೇಶನ್ ಮಾಡುವ ಬ್ಲೆಂಡರ್ ಉಚಿತ, ಅವನ್ನು ಆಡುವ ಆಟವಾಗಿ ಜೋಡಿಸುವ ಗೋಡೋ ಎಂಜಿನ್ ಕೂಡ ಉಚಿತ; ಕಲಿಯಲು ಇವೆರಡೇ ಧಾರಾಳ. ಉಳಿದ ಸಮಯದಲ್ಲಿ ಸುತ್ತ ನೋಡಿ, ಚಿತ್ರ ಬರೆಯಿರಿ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಬುಟ್ಟಿ ಹೊತ್ತು ನಡೆಯುವ ಹೆಂಗಸಿನ ಕತ್ತು ಅಲುಗುವುದಿಲ್ಲ, ತೂಕವನ್ನೆಲ್ಲ ಸೊಂಟ ಸಂಭಾಳಿಸುತ್ತದೆ. ಯಕ್ಷಗಾನದ ವೇಷಧಾರಿ ಗಿರಕಿ ಹೊಡೆದು ನಿಂತ ಮೇಲೂ ಅವನ ಉಡುಗೆ ಒಂದಿಷ್ಟು ಹೊತ್ತು ತಿರುಗುತ್ತಲೇ ಇರುತ್ತದೆ. ಇಂಥವನ್ನು ಕಣ್ಣಾರೆ ಕಂಡು ಪುಸ್ತಕಕ್ಕಿಳಿಸಿದವರ ಅನಿಮೇಶನ್‌ನಲ್ಲಿ ದೇಹಕ್ಕೆ ತೂಕವಿರುತ್ತದೆ.

ನಂತರ ನಡಿಗೆ. ಸೆಕೆಂಡಿಗೆ 24 ಫ್ರೇಮಿನ (ಒಂದೊಂದು ಫ್ರೇಮ್ ಒಂದೊಂದು ಚಿತ್ರ) ಲೆಕ್ಕದಲ್ಲಿ ಎರಡು ಹೆಜ್ಜೆಗೆ ಒಂದು ಸೆಕೆಂಡ್ ಇಟ್ಟುಕೊಳ್ಳಿ. 1ನೇ ಫ್ರೇಮಿನಲ್ಲಿ ಬಲಗಾಲು ನೆಲಕ್ಕೆ ತಾಗಿದರೆ 13ರಲ್ಲಿ ಎಡಗಾಲು ತಾಗಬೇಕು. 25ನೇ ಫ್ರೇಮ್ 1ರ ನಕಲು. ಆದರೆ ಮತ್ತೆ ಮತ್ತೆ ಓಡುವ ಈ ಸುತ್ತನ್ನು 24ಕ್ಕೇ ನಿಲ್ಲಿಸಿ. ಇಲ್ಲವಾದರೆ ಒಂದೇ ಭಂಗಿ ಎರಡು ಸಲ ಬಂದು, ಪ್ರತಿ ಸುತ್ತಿನಲ್ಲೂ ಸಣ್ಣ ತಡೆ ಕಾಣುತ್ತದೆ. ಇಲ್ಲಿಗೆ ಮುಗಿಯಿತೆಂದುಕೊಳ್ಳಬೇಡಿ, ಅದನ್ನು ಎಂಜಿನ್‌ಗೆ ಹಾಕಿ ನಡೆಸಿ. ಆ ಎರಡು ಹೆಜ್ಜೆಗಳಲ್ಲಿ ಪಾತ್ರ ಒಂದೂವರೆ ಮೀಟರ್ ಸಾಗುವಂತೆ ನೀವು ಮಾಡಿದ್ದು, ಎಂಜಿನ್ ಅದನ್ನು ಸೆಕೆಂಡಿಗೆ ಎರಡು ಮೀಟರ್ ತಳ್ಳುತ್ತಿದ್ದರೆ ಪಾದಗಳು ನೆಲದ ಮೇಲೆ ಜಾರುತ್ತವೆ. ಪಾತ್ರ ನಿಂತಲ್ಲೇ ನಡೆಯುವ ಅನಿಮೇಶನ್ ಸಾಫ್ಟ್‌ವೇರ್‌ನ ಕಿಟಕಿಯಲ್ಲಿ ಈ ಜಾರಾಟ ಗೊತ್ತಾಗುವುದಿಲ್ಲ.

ಆಮೇಲೆ ಕತ್ತಿಯ ಹೊಡೆತ. ಇದರಲ್ಲಿ ಮೂರು ಭಾಗ: ಕತ್ತಿಯನ್ನು ಹಿಂದಕ್ಕೆಳೆಯುವ ಸಿದ್ಧತೆ, ಬೀಸು, ಮತ್ತೆ ನೆಟ್ಟಗೆ ನಿಲ್ಲುವ ಚೇತರಿಕೆ. ಸಿನಿಮಾದಲ್ಲಿ ಸಿದ್ಧತೆ ಎಷ್ಟು ದೀರ್ಘವಾದರೆ ಹೊಡೆತಕ್ಕೆ ಅಷ್ಟು ಬಲ. ಆಟದಲ್ಲಿ ಹಾಗೆ ಮಾಡಿದರೆ ಗುಂಡಿ ಒತ್ತಿದವನಿಗೆ ನಾಯಕ ತನ್ನ ಮಾತು ಕೇಳುತ್ತಿಲ್ಲ ಅನ್ನಿಸುತ್ತದೆ. ಹಾಗಾಗಿ ಚುರುಕಿನ ಆಟದಲ್ಲಿ ನಾಯಕನ ಸಿದ್ಧತೆಯನ್ನು ಮೂರು ನಾಲ್ಕು ಫ್ರೇಮಿಗೆ ಇಳಿಸಿ, ಕತ್ತಿಯ ತೂಕವನ್ನು ಚೇತರಿಕೆಯಲ್ಲಿ ತೋರಿಸಿ: ಭುಜ ವಾಲಲಿ, ಕಾಲು ಅರ್ಧ ಹೆಜ್ಜೆ ಮುಂದೆ ಎಳೆದುಹೋಗಲಿ. ಶತ್ರುವಿಗೆ ಇದೇ ತಿರುವುಮುರುವು. ಅವನ ಸಿದ್ಧತೆ ನಿಧಾನವಾಗಿ, ದೂರದಿಂದಲೇ ಓದಿಕೊಳ್ಳುವಂತಿರಬೇಕು, ಆಡುವವನಿಗೆ ತಪ್ಪಿಸಿಕೊಳ್ಳಲು ಅವಕಾಶ ಸಿಗಬೇಕು. ಒಂದೇ ಕತ್ತಿಗೆ ಈ ಎರಡು ಬಗೆಯನ್ನೂ ಮಾಡಿ ಪಕ್ಕಪಕ್ಕ ಇಟ್ಟ ವಿದ್ಯಾರ್ಥಿಯನ್ನು ನಾನು ತಪ್ಪದೆ ಸಂದರ್ಶನಕ್ಕೆ ಕರೆಯುತ್ತೇನೆ.

ಮಾಡೆಲಿಂಗ್, ಅಂದರೆ ಪಾತ್ರ, ವಸ್ತುಗಳ 3ಡಿ ರೂಪ ಕಟ್ಟುವ ಕಡೆ ಒಲವಿದ್ದವರಿಗೆ ಎರಡೇ ಮಾತು. ಮೊಣಕೈಯಂಥ ಬಾಗುವ ಜಾಗಗಳಲ್ಲಿ ಕನಿಷ್ಠ ಮೂರು ಸುತ್ತು ಗೆರೆ ಕೊಡಿ, ಬಾಗದ ಕಡೆ ಪಾಲಿಗನ್ (ಮಾಡೆಲ್‌ನ ಮೈಯಾಗುವ ಚಪ್ಪಟೆ ತುಂಡುಗಳು) ಕಡಿಮೆ ಬಳಸಿ. ಹಂಪಿಯ ಕಂಬವನ್ನು ಮಾಡುವುದಾದರೆ ಕೆತ್ತನೆಯನ್ನೆಲ್ಲ ಪಾಲಿಗನ್ ಹೆಚ್ಚಿರುವ ಭಾರದ ಮಾಡೆಲ್‌ನಲ್ಲಿ ಕೆತ್ತಿ, ಅದನ್ನು ನಾರ್ಮಲ್ ಮ್ಯಾಪ್ ಆಗಿ (ಉಬ್ಬುತಗ್ಗಿನ ಭ್ರಮೆ ಕೊಡುವ ಚಿತ್ರವಾಗಿ) ಹಗುರ ಮಾಡೆಲ್‌ಗೆ ಬೇಕ್ ಮಾಡಿ, ಅಂದರೆ ಇಳಿಸಿ.

ಎರಡನೇ ವರ್ಷದಿಂದ ಪ್ರೋಗ್ರಾಮರ್ ಜೊತೆ ಸೇರಿ ಪುಟ್ಟ ಆಟಗಳನ್ನು ಮುಗಿಸಿ. ಪ್ರತಿ ಜನವರಿಯಲ್ಲಿ ನಡೆಯುವ ಗ್ಲೋಬಲ್ ಗೇಮ್ ಜಾಮ್‌ಗೆ (ಗುಂಪಾಗಿ ಸೇರಿ ಕಡಿಮೆ ಸಮಯದಲ್ಲಿ ಆಟ ಕಟ್ಟುವ ಕೂಟಕ್ಕೆ) ಹೋಗಿ, ಅಲ್ಲಿ ಸಿಕ್ಕವರ ಜೊತೆ ಮುಂದೆಯೂ ಕೆಲಸ ಮಾಡಿ. ಇಡೀ ಮಹಾಭಾರತವನ್ನು ಆಟ ಮಾಡಲು ಹೊರಟು ಅರ್ಧಕ್ಕೆ ಬಿಟ್ಟ ಯೋಜನೆಗಿಂತ ಒಂದು ಕೋಣೆ, ಒಬ್ಬ ಶತ್ರು ಇರುವ ಮುಗಿದ ಆಟವೇ ನನಗೆ ಬೇಕು.

ಪೋರ್ಟ್‌ಫೋಲಿಯೊದ ವಿಡಿಯೊ ಒಂದು ನಿಮಿಷ ಸಾಕು. ಅತ್ಯುತ್ತಮವಾದದ್ದನ್ನು ಮೊದಲು ಹಾಕಿ, ಎಂಜಿನ್‌ನಲ್ಲೇ ರೆಕಾರ್ಡ್ ಮಾಡಿ, ಮಾಡೆಲ್‌ನ ತಂತಿಜಾಲವನ್ನೂ (ಗೆರೆಗಳಷ್ಟೇ ಕಾಣುವ ವೈರ್‌ಫ್ರೇಮ್) ತೋರಿಸಿ. ಗುಂಪಿನ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಪರದೆಯ ಮೇಲೆಯೇ ಬರೆಯಿರಿ. ಹಿನ್ನೆಲೆ ಸಂಗೀತ ಬೇಡ. ನಾವು ಧ್ವನಿ ಬಂದ್ ಮಾಡಿಯೇ ನೋಡುತ್ತೇವೆ.