ಬಾಹ್ಯಾಕಾಶ ನಿಲ್ದಾಣದವರ ಮಾತು ತಾರಸಿಯಲ್ಲಿ ನಿಂತು ಕೇಳುವುದು

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಸಿಬ್ಬಂದಿ ಹ್ಯಾಮ್ ರೇಡಿಯೋದಲ್ಲಿ (ಹವ್ಯಾಸಿಗಳ ರೇಡಿಯೋ) ಮಾತಾಡುವುದನ್ನು ಕೇಳಲು ದೊಡ್ಡ ಡಿಶ್ ಬೇಕಿಲ್ಲ. 145.800 ಮೆಗಾಹರ್ಟ್ಸ್ ಎಫ್‌ಎಂ ಹಿಡಿಯುವ ಕೈ ರೇಡಿಯೋ, ಮೂರು ಎಲಿಮೆಂಟಿನ (ಅಡ್ಡಪಟ್ಟಿಗಳ) ಯಾಗಿ ಆಂಟೆನಾ ಇದ್ದರೆ ಸಾಕು.

ನಾನು ಬಳಸುವ ಯಾಗಿ ಉಕ್ಕಿನ ಅಳತೆ ಟೇಪು ಮತ್ತು ಪಿವಿಸಿ ಪೈಪಿನದು. ಹಿಂದಿನ ಪಟ್ಟಿ ರಿಫ್ಲೆಕ್ಟರ್ 105 ಸೆಂ.ಮೀ., ಕೇಬಲ್ ಸೇರುವ ನಡುವಿನ ಡ್ರಿವನ್ ಎಲಿಮೆಂಟಿನ ಎರಡು ತುಂಡು ತಲಾ 45, ಮುಂದಿನ ಡೈರೆಕ್ಟರ್ 89. ರಿಫ್ಲೆಕ್ಟರಿನಿಂದ ಡ್ರಿವನ್‌ಗೆ 20 ಸೆಂ.ಮೀ., ಅಲ್ಲಿಂದ ಡೈರೆಕ್ಟರಿಗೆ 32. ಡ್ರಿವನ್‌ನ ಎರಡು ತುಂಡುಗಳ ನಡುವೆ ಎರಡೂವರೆ ಸೆಂ.ಮೀ. ಬಿಟ್ಟು ಕೋಆಕ್ಸ್ ಕೇಬಲ್ ಜೋಡಿಸಿ, ಅದೇ ಜಾಗಕ್ಕೆ ‘ಯು’ ಆಕಾರಕ್ಕೆ ಬಗ್ಗಿಸಿದ 13 ಸೆಂ.ಮೀ. ತಂತಿಯನ್ನೂ ಬೆಸೆಯಬೇಕು. ಬೆಸೆಯುವ ಮುನ್ನ ಟೇಪಿನ ಬಣ್ಣವನ್ನು ಮರಳು ಕಾಗದದಿಂದ ಪೂರ್ತಿ ಉಜ್ಜಿ ತೆಗೆಯಿರಿ. ಬಣ್ಣದ ಮೇಲೆ ಬೆಸುಗೆ ಹಿಡಿದಂತೆ ಕಂಡರೂ ಟೇಪು ನಾಲ್ಕು ಸಲ ಬಾಗಿದರೆ ಕಳಚುತ್ತದೆ.

ನಿಲ್ದಾಣ ಸೆಕೆಂಡಿಗೆ ಸುಮಾರು 7.66 ಕಿ.ಮೀ. ವೇಗದಲ್ಲಿ ಹೋಗುತ್ತದೆ. ಒಂದು ಪಾಸ್, ಅಂದರೆ ಅದು ನಮ್ಮ ಆಕಾಶವನ್ನು ಒಮ್ಮೆ ದಾಟುವುದು, ಹೆಚ್ಚೆಂದರೆ ಸುಮಾರು 10 ನಿಮಿಷ. ದಿಗಂತದಲ್ಲಿ ಅದು 2,000 ಕಿ.ಮೀ.ಗೂ ದೂರ, ನೆತ್ತಿಯ ಮೇಲೆ ಬಂದಾಗ ಸುಮಾರು 420. ಹಾಗಾಗಿ ದಿಗಂತದಿಂದ ಗರಿಷ್ಠ ಎತ್ತರ 30 ಡಿಗ್ರಿ ದಾಟದ ಪಾಸ್‌ಗಳನ್ನು ಹೊಸಬರು ಬಿಡುವುದೇ ಒಳ್ಳೆಯದು; ಬೆಂಗಳೂರಿನಂಥ ಊರಲ್ಲಿ ಕಟ್ಟಡಗಳೇ ಅರ್ಧ ಪಾಸನ್ನು ನುಂಗುತ್ತವೆ.

ಡಾಪ್ಲರ್ ಪರಿಣಾಮದಿಂದ, ಅಂದರೆ ನಿಲ್ದಾಣದ ಓಟದ ದೆಸೆಯಿಂದ, ತರಂಗದ ಆವರ್ತನ ಸುಮಾರು 3.5 ಕಿಲೋಹರ್ಟ್ಸ್‌ವರೆಗೆ ಜರುಗುತ್ತದೆ. ನಿಲ್ದಾಣ ಹತ್ತಿರ ಬರುತ್ತಿರುವಾಗ 145.8025, ನಡುವೆ 145.800, ದೂರ ಸರಿಯುವಾಗ 145.7975 ಎಂದು ರೇಡಿಯೋದಲ್ಲಿ ಮೂರು ಮೆಮೊರಿ ಮೊದಲೇ ತುಂಬಿಟ್ಟರೆ ಗುಂಡಿ ತಿರುಗಿಸುವ ತಾಪತ್ರಯ ಇಲ್ಲ. ದನಿ ಇದ್ದಕ್ಕಿದ್ದಂತೆ ಕುಸಿದರೆ ಅದು ಹೆಚ್ಚಾಗಿ ಡಾಪ್ಲರ್ ಅಲ್ಲ, ಪೋಲರೈಸೇಷನ್: ತರಂಗ ಕಂಪಿಸುವ ದಿಕ್ಕು ಆಂಟೆನಾದ ದಿಕ್ಕಿಗೆ ಹೊಂದಿಲ್ಲ. ಯಾಗಿಯನ್ನು ನಿಧಾನವಾಗಿ 90 ಡಿಗ್ರಿ ಹೊರಳಿಸಿ, ದನಿ ಮರಳುತ್ತದೆ. ದುರ್ಬಲ ಸದ್ದನ್ನು ತಡೆಯುವ ಸ್ಕ್ವೆಲ್ಚ್ ಪೂರ್ತಿ ತೆರೆದಿಡಿ. ಗೊರಗೊರ ಸದ್ದಿಗೆ ಬೇಸರಪಟ್ಟು ಮುಚ್ಚಿದರೆ ದುರ್ಬಲ ದನಿ ಮೊದಲು ಕೇಳುವ ಆ ಕ್ಷಣಗಳೇ ಕೈತಪ್ಪುತ್ತವೆ.

ಕೆಲವು ದಿನಗಳಲ್ಲಿ ಇದೇ ತರಂಗದಲ್ಲಿ ಪಿಡಿ120 ಎಂಬ ವಿಧಾನದಲ್ಲಿ, ಸದ್ದಿನ ರೂಪದಲ್ಲಿ, ಚಿತ್ರಗಳೂ ಬರುತ್ತವೆ. ಒಂದೊಂದಕ್ಕೂ ಸುಮಾರು ಎರಡು ನಿಮಿಷ ಬೇಕು. ಆ ಸದ್ದನ್ನು ಚಿತ್ರವಾಗಿಸುವ ಆ್ಯಪ್ ಇದ್ದರೆ ಫೋನಿನ ಮೈಕ್‌ನಿಂದಲೂ ಚಿತ್ರ ಮೂಡುತ್ತದೆ, ಆದರೆ ಗಾಳಿ, ಹಾರ್ನ್ ಸದ್ದು ಅದರಲ್ಲಿ ಗೆರೆಗಳಾಗಿ ಬೀಳುತ್ತವೆ. ರೇಡಿಯೋದಿಂದ ಫೋನಿಗೆ ಆಡಿಯೋ ಕೇಬಲ್ ಹಾಕುವುದೇ ವಾಸಿ. ಚಿತ್ರ ವಾಲಿಕೊಂಡು ಬಂದರೆ ಡಾಪ್ಲರ್ ಮೇಲೆ ಗೂಬೆ ಕೂರಿಸಬೇಡಿ. ಎಫ್‌ಎಂನಲ್ಲಿ ಅದು ಸ್ವರವನ್ನು ಬದಲಿಸುವುದಿಲ್ಲ. ಫೋನಿನ ಸ್ಯಾಂಪ್ಲಿಂಗ್ ಗಡಿಯಾರದ ಸಣ್ಣ ವ್ಯತ್ಯಾಸವೇ ಕಾರಣ, ಆ್ಯಪ್‌ನಲ್ಲಿ ಸರಿಪಡಿಸಬಹುದು.

ಇನ್ನು, ಅವರು ಮಾತಾಡುವುದು ಯಾವಾಗ? ನಿಲ್ದಾಣ ಜಿಎಂಟಿ ಸಮಯದಲ್ಲಿ ನಡೆಯುತ್ತದೆ. ಬೆಳಿಗ್ಗೆ 6ಕ್ಕೆ ಏಳುವುದೆಂದರೆ ನಮಗೆ 11:30. ರಾತ್ರಿ 9:30ಕ್ಕೆ ಮಲಗುವುದೆಂದರೆ ನಮ್ಮ ಮರುದಿನ ಬೆಳಗಿನ ಜಾವ 3. ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ, ಉಳಿದಂತೆ ಪ್ರಯೋಗ, ರಿಪೇರಿ ಎಲ್ಲವೂ ವೇಳಾಪಟ್ಟಿಯಂತೆ. ಆದ್ದರಿಂದ ಹರಟೆ ಸಿಗುವುದು ಬಿಡುವಿನ ವೇಳೆಯಲ್ಲಿ, ವಾರಾಂತ್ಯದಲ್ಲಿ. ಶಾಲೆಗಳ ಜೊತೆಗಿನ ಸಂಪರ್ಕಗಳು ಮಾತ್ರ ಮೊದಲೇ ನಿಗದಿಯಾಗುತ್ತವೆ. ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ 2025ರ ಜುಲೈ 4ರಂದು ಬೆಂಗಳೂರಿನಲ್ಲಿರುವ ಇಸ್ರೋದ ಯು.ಆರ್. ರಾವ್ ಉಪಗ್ರಹ ಕೇಂದ್ರದೊಂದಿಗೆ ಹೀಗೆಯೇ ಹ್ಯಾಮ್ ರೇಡಿಯೋದಲ್ಲಿ ಮಾತಾಡಿದ್ದರು. ಗಗನಯಾತ್ರಿಗಳು ನಿಲ್ದಾಣದ ಹೊರಗೆ ಕೆಲಸಕ್ಕಿಳಿದಾಗ, ನೌಕೆಗಳು ಬಂದು ಸೇರುವಾಗ ಸುರಕ್ಷತೆಗಾಗಿ ಹ್ಯಾಮ್ ರೇಡಿಯೋ ಆಫ್ ಮಾಡುತ್ತಾರೆ. ಅಂಥ ದಿನ ಏನೂ ಕೇಳದಿದ್ದರೆ ಆಂಟೆನಾ ಬಿಚ್ಚಬೇಡಿ.

ಉತ್ತರ ಕೊಡುವ ಆಸೆಯಿದ್ದರೆ ಹ್ಯಾಮ್ ಲೈಸೆನ್ಸ್ ಕಡ್ಡಾಯ. ನಮ್ಮ ಭಾಗಕ್ಕೆ ದನಿಯ ಅಪ್‌ಲಿಂಕ್ (ನೆಲದಿಂದ ನಿಲ್ದಾಣಕ್ಕೆ ಮಾತಾಡುವ ತರಂಗ) 144.490 ಮೆಗಾಹರ್ಟ್ಸ್. 145.800ರಲ್ಲಿ ಎಂದೂ ಪ್ರಸಾರ ಮಾಡಬಾರದು. ಸುತ್ತಲಿನವರಿಗೆಲ್ಲ ನಿಲ್ದಾಣದ ದನಿ ಮುಚ್ಚಿಹೋಗುತ್ತದೆ. ಲೈಸೆನ್ಸಿನೊಂದಿಗೆ ಸಿಗುವ ಗುರುತಿನ ಹೆಸರಾದ ಕಾಲ್‌ಸೈನ್ ಒಮ್ಮೆ ಹೇಳಿ, ಗುಂಡಿ ಬಿಟ್ಟು, ಕಿವಿಗೊಡಿ.